ಆಯಿಯ ಸೀರೆಯ ಮೇಲಿರುವ ಈ ಬುಟ್ಟಾ ಯಾವುದು? ಗೊತ್ತಿದ್ದವರು ಹೇಳಿ

ಧಾರವಾಡದ ಮೊಮ್ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಆಯಿ ತೀರಿಕೊಂಡು ಮೂರು ತಿಂಗಳಾಯಿತು. ಅಪ್ಪನ ಅಮ್ಮ. ನಮ್ಮ ಮನೆಯಲ್ಲಿ ಅಜ್ಜಿಗೆ ಆಯಿ ಅಂತೀವಿ. 86 ವರ್ಷ ಬಾಳಿದ ಜೀವ. ಅವಳ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿದೆ. ಜೊತೆಗೆ ನಿಮ್ಮಿಂದ ಒಂದು ಸಹಾಯ ಬೇಕು.

ಆಯಿ ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಖಣ (ಕುಪ್ಪಸದ ಬಟ್ಟೆ) ನೇಯುವ ಮನೆಯಲ್ಲಿ. 1956ರ ಬೇಸಿಗೆಯಲ್ಲಿ ಮದುವೆಯಾಗಿ ಧಾರವಾಡಕ್ಕೆ ಬಂದಳು. ಆಗ ಅವಳಿಗೆ 18. ಅಜ್ಜ ಕನ್ನಡ ಸಾಲಿಯ ಮಾಸ್ತರ. ಮನೆ ತುಂಬ ಜನ. ಎರಡು ಹೊತ್ತು ರೊಟ್ಟಿ ಬಡಿದು, ನೀರು ತುಂಬಿ, ಎಲ್ಲರ ಊಟ ಮುಗಿದ ಮೇಲೆ ಮಧ್ಯಾಹ್ನ ಒಂದು ತಾಸು ಸಿಕ್ಕರೆ ಅದು ಅವಳದು. ಆ ಒಂದು ತಾಸಿನಲ್ಲಿ ಕಸೂತಿ ಹಾಕುತ್ತಿದ್ದಳು. ಹಳೇ ಸೀರೆ ಸಿಕ್ಕರೆ ಕೌದಿ. ನಾವು ಏಳು ಜನ ಮೊಮ್ಮಕ್ಕಳು, ಏಳು ಜನಕ್ಕೂ ಒಂದೊಂದು ಕೌದಿ ಇದೆ.

ಕಸೂತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಂಡು ಹೊಲಿಯುವ ಕೆಲಸ ಅಲ್ಲ ಇದು. ಬಟ್ಟೆಯ ಎಳೆ ಎಣಿಸಿ ಹಾಕಬೇಕು. ಒಂದು ಎಳೆ ತಪ್ಪಿದರೂ ತೇರು ವಾಲುತ್ತದೆ. ಗವಂತಿ, ಮುರ್ಗಿ, ನೇಗಿ, ಮೆಂತೆ ಅಂತ ನಾಲ್ಕು ಹೊಲಿಗೆ. ಗವಂತಿಯಲ್ಲಿ ಒಂದೊಂದು ಹೊಲಿಗೆ ಬಿಟ್ಟು ಮುಂದೆ ಹೋಗಬೇಕು, ಮತ್ತೆ ಅದೇ ದಾರಿಯಲ್ಲಿ ವಾಪಸ್ ಬರುತ್ತಾ ಬಿಟ್ಟ ಜಾಗ ತುಂಬಬೇಕು. ಹೀಗಾಗಿ ಹಿಂದೆ ಮುಂದೆ ಎರಡೂ ಒಂದೇ ಥರ ಕಾಣುತ್ತದೆ. ಗಂಟು ಹಾಕುವ ಹಾಗಿಲ್ಲ. ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಅಂತ ತಿಳಿಯಬಾರದು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಒಂದು ಕರ್ಚೀಫಿನ ಮೇಲೆ ಗಿಳಿ ಹಾಕಿ ಆಯಿಗೆ ತೋರಿಸಿದ್ದೆ. ಆಯಿ ಗಿಳಿ ನೋಡಲೇ ಇಲ್ಲ. ಬಟ್ಟೆ ತಿರುವಿ ಹಾಕಿದಳು. "ಮುಂದಿಂದು ಎಲ್ಲಾರೂ ನೋಡತಾರವಾ. ನಾ ಹಿಂದಿಂದು ನೋಡತೀನಿ" ಅಂದಳು. ಹಿಂದೆ ನಾಲ್ಕು ಗಂಟು ಇದ್ದವು. ಸುಮ್ನೆ ಕೂತು ನಾಲ್ಕೂ ಬಿಚ್ಚಿದಳು. ಬೈಯಲಿಲ್ಲ. ಬಿಚ್ಚಿದ ನೂಲನ್ನೇ ಸೂಜಿಗೆ ಪೋಣಿಸಿ ನನ್ನ ಕೈಗೆ ಕೊಟ್ಟಳು.

ಈಗ ವಿಷಯಕ್ಕೆ ಬರುತ್ತೇನೆ. ಆಯಿಯ ಟ್ರಂಕಿನಲ್ಲಿ ಅವಳ ಮದುವೆಯ ಚಂದ್ರಕಾಳಿ ಸೀರೆ ಸಿಕ್ಕಿತು. ಕಪ್ಪು ಮೈ, ಕೆಂಪು ಸೆರಗಿನ ಇಳಕಲ್ ಸೀರೆ. ಸೆರಗಿನ ಹತ್ತಿರ ದೊಡ್ಡ ಗೋಪುರ, ತೇರು, ಅಂಬಾರಿ ಆನೆ, ತುಳಸಿ ಕಟ್ಟೆ. ಮೈ ಕಡೆ ಬರುತ್ತಾ ಚಿಕ್ಕ ಚಿಕ್ಕ ಬುಟ್ಟಾಗಳು. ಇವೆಲ್ಲ ನಮಗೆ ಗೊತ್ತಿರುವವೇ. ಆದರೆ ಒಳಗಡೆ, ಉಟ್ಟಾಗ ಯಾರಿಗೂ ಕಾಣದ ಜಾಗದಲ್ಲಿ ಒಂದು ಸಾಲು ಇದೆ. 11 ಬುಟ್ಟಾ. ನೆಟ್ಟಗೆ ಒಂದು ಕಂಬ. ಅದರ ಪಕ್ಕಕ್ಕೆ ಮುರ್ಗಿಯಲ್ಲಿ ಮೆಟ್ಟಿಲಿನ ಹಾಗೆ ಏನೋ ಇದೆ. ತುದಿಯಲ್ಲಿ ಚಿಕ್ಕ ಕಳಸ. ಕಳಸದ ಕೆಳಗೆ ಎಡಕ್ಕೆ ಚಾಚಿದ ಒಂದು ಪಟ್ಟಿ. ಉಳಿದದ್ದೆಲ್ಲ ಬಿಳಿ ನೂಲು, ಆ ಪಟ್ಟಿ ಮಾತ್ರ ಕೆಂಪು. ಇಂಥ ಬುಟ್ಟಾ ನಾನು ಎಲ್ಲೂ ನೋಡಿಲ್ಲ. ಅತ್ತೆಯರಿಗೂ ಗೊತ್ತಿಲ್ಲ.

ಇನ್ನೊಂದು ಚಿಂತೆ. ಸೀರೆ ಮಡಿಕೆಯಲ್ಲಿ ಬಿರಿಯುತ್ತಿದೆ. ಅದನ್ನು ನಾಲ್ಕು ತುಂಡು ಮಾಡಿ, ಫ್ರೇಮ್ ಹಾಕಿಸಿ, ನಾಲ್ಕು ಮನೆಗೆ ಹಂಚೋಣ ಅಂತ ಮನೆಯಲ್ಲಿ ಮಾತು ನಡೆದಿದೆ. ನನಗೆ ಮನಸ್ಸಿಲ್ಲ. ಆದರೆ ಬೇರೆ ದಾರಿಯೂ ಕಾಣುತ್ತಿಲ್ಲ.

ಇಳಕಲ್ ಸೊಸೆ

ತಂಗಿ, ಆಯಿ ಹೋಗಿದ್ದು ಕೇಳಿ ಸಂಕಟವಾಯಿತು. ತುಂಬಿದ ಮನೆಯ ಹಿರಿಯರು ಹೋದರೆ ಎಷ್ಟು ವಯಸ್ಸಾಗಿದ್ದರೂ ಸಂಕಟ ಸಂಕಟವೇ.

ನಿಮ್ಮದು ಒಳ್ಳೇ ಹಳೇ ಸೀರೆ. ನಮ್ಮಲ್ಲಿ ಮೈಯ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಕೂಡಿಸುತ್ತಾರೆ, ಅದಕ್ಕೆ ಕೊಂಡಿ ಅಂತಾರೆ. ಬಿರಿದಿರುವುದು ಕೊಂಡಿಯ ಹತ್ತಿರವೋ, ಮಡಿಕೆಯಲ್ಲೋ, ಸರಿಯಾಗಿ ನೋಡಿ. ಮಡಿಕೆಯಲ್ಲಾದರೆ ಬಟ್ಟೆ ಒಣಗಿ ಮುರಿಯುತ್ತಿದೆ ಅಂತ ಅರ್ಥ.

ಬುಟ್ಟಾ ನಂದಿಕೋಲು ಇರಬಹುದಾ? ಕಂಬ, ಕಳಸ, ಪಕ್ಕಕ್ಕೆ ನಿಶಾನಿಯ ಹಾಗೆ ಕೆಂಪು ಬಟ್ಟೆ, ಎಲ್ಲ ಹೊಂದುತ್ತದೆ. ಮೆಟ್ಟಿಲು ಮಾತ್ರ ಯಾಕೆ ಅಂತ ತಿಳಿಯುತ್ತಿಲ್ಲ. ನಂದಿಕೋಲಿಗೆ ಮೆಟ್ಟಿಲು ಇರಲ್ಲ. ಒಂದು ಕೆಲಸ ಮಾಡಿ. 11 ಬುಟ್ಟಾನೂ ಒಂದೇ ಥರ ಇವೆಯಾ ಅಂತ ಒಂದೊಂದಾಗಿ ನೋಡಿ ಹೇಳಿ.

ಸಾಗರದ ಕಡೆಯವಳು

ಬುಟ್ಟಾ ಬಗ್ಗೆ ನನಗೆ ಗೊತ್ತಿಲ್ಲ. ಆದರೆ ಓದಿ ಸುಮ್ನಿರಲು ಆಗಲಿಲ್ಲ.

ನಮ್ಮದು ದೀವರ ಮನೆ. ನಮ್ಮ ಅಜ್ಜಿ ಹಸೆ ಚಿತ್ತಾರ ಬರೆಯುತ್ತಿದ್ದಳು. ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿ ನೆನೆಸಿ ಅರೆದ ಬಿಳಿ ಬಣ್ಣದಲ್ಲಿ ಗೆರೆ ಎಳೆಯುತ್ತಿದ್ದಳು. ಕುಂಚ ಅಂದರೆ ಪುಂಡಿ ನಾರು, ತುದಿ ಜಜ್ಜಿ ಮಾಡಿಕೊಂಡದ್ದು. ಅಳತೆಪಟ್ಟಿ ಇಲ್ಲ. ಕೈ ಗೋಡೆಗೆ ಊರಿ ಒಂದೇ ಉಸಿರಿಗೆ ಎಳೆದರೆ ಗೆರೆ ದಾರ ಹಿಡಿದ ಹಾಗೆ ನೆಟ್ಟಗೆ. ಊರಿನಲ್ಲಿ ಯಾರ ಮನೆಯ ಮದುವೆಯಾದರೂ ಹಸೆಗೋಡೆಗೆ ಅಜ್ಜಿಯೇ ಬೇಕು.

ಭೂಮಿ ಹುಣ್ಣಿಮೆ ಬಂತು ಅಂದರೆ ಭೂಮಣ್ಣಿ ಬುಟ್ಟಿ. ಬುಟ್ಟಿಗೆ ಮಣ್ಣು ಮೆತ್ತಿ, ಒಣಗಿಸಿ, ಮೈ ತುಂಬ ಚಿತ್ತಾರ. ಬೆಳಗಿನ ಜಾವ ಅದರಲ್ಲಿ ಅಡುಗೆ ತುಂಬಿ ಗದ್ದೆಗೆ ಒಯ್ದು, ಹಚ್ಚಂಬಲಿ ಅನ್ನುವ ಎಡೆಯನ್ನು ಭೂಮಿಗೆ ಬೀರುತ್ತಿದ್ದರು. ನಾನು ಪಂಜು ಹಿಡಿದು ಮುಂದೆ ನಡೆಯುತ್ತಿದ್ದೆ. ಹಿಂದಿನಿಂದ ಅಜ್ಜಿಯ ದನಿ ಕೇಳುತ್ತಿತ್ತು.

ಅಜ್ಜಿ ಹೋದ ವರ್ಷವೇ ಮನೆ ಕೆಡವಿ ತಾರಸಿ ಕಟ್ಟಿದೆವು. ಆ ಗೋಡೆಯ ಒಂದು ಫೋಟೋ ಕೂಡ ಇಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ಕೈಯ ಒಂದೇ ಒಂದು ಗೆರೆ ಉಳಿದಿಲ್ಲ. ನಿಮ್ಮ ಹತ್ತಿರ ಸೀರೆ ಇದೆ. ದಯವಿಟ್ಟು ತುಂಡು ಮಾಡಬೇಡಿ.

ಧಾರವಾಡದ ಮೊಮ್ಮಗಳು

ಸಾಗರದ ಅಕ್ಕ, ನಿಮ್ಮ ಮಾತು ಓದಿ ಅತ್ತೆಗೆ ಫೋನು ಮಾಡಿದೆ. ಸೀರೆಗೆ ಸದ್ಯಕ್ಕೆ ಕತ್ತರಿ ಹಾಕಬೇಡಿ ಅಂತ ಹೇಳಿದ್ದೇನೆ. ಒಪ್ಪಿದ್ದಾರೆ.

ಇಳಕಲ್ ಅಕ್ಕ, ಬಿರಿದಿರುವುದು ಮಡಿಕೆಯಲ್ಲೇ. ಕೊಂಡಿ ಗಟ್ಟಿಯಾಗಿದೆ. ನೀವು ಹೇಳಿದ ಹಾಗೆ ಭೂತಗನ್ನಡಿ ಹಿಡಿದು ಒಂದೊಂದೇ ಬುಟ್ಟಾ ನೋಡಿದೆ. ಎಲ್ಲ ಒಂದೇ ಥರ ಇಲ್ಲ! ಎಂಟರಲ್ಲಿ ಕೆಂಪು ಪಟ್ಟಿ ಅಡ್ಡಕ್ಕೆ ಇದೆ. ಮೂರರಲ್ಲಿ ಪಟ್ಟಿ ಕೆಳಗೆ ವಾಲಿದೆ. ಮೊದಲನೇದು, ನಾಲ್ಕನೇದು, ಒಂಬತ್ತನೇದು. ಉಳಿದದ್ದೆಲ್ಲ ಎಳೆಗೆ ಎಳೆ ಒಂದೇ. ಕಂಬದ ಎತ್ತರ ಎಣಿಸಿದೆ, ಹನ್ನೊಂದರಲ್ಲೂ ಸಮ.

ಆಯಿ ಎಣಿಕೆ ತಪ್ಪುವವಳಲ್ಲ. ಒಂದೇ ಒಂದು ಎಳೆ ತಪ್ಪಿದ್ದಕ್ಕೆ ಇಡೀ ಗೋಪುರ ಬಿಚ್ಚಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಬೇಕು ಅಂತಲೇ ಹಾಗೆ ಹಾಕಿದ್ದಾಳೆ. ಯಾಕೆ ಅನ್ನೋದು ತಿಳಿಯುತ್ತಿಲ್ಲ.

ಮೈಸೂರು ಮಲ್ಲಿಗೆ ಮೊಳ

ನಮ್ಮಜ್ಜಿ ಕಸೂತಿಯವರಲ್ಲ, ವೈರ್ ಬುಟ್ಟಿಯವರು. ಪ್ಲಾಸ್ಟಿಕ್ ವೈರಿನಲ್ಲಿ ಹೆಣೆಯುವ ಬುಟ್ಟಿ, ಎಲ್ಲರ ಮನೆಯಲ್ಲೂ ಇತ್ತಲ್ಲ, ಅದೇ. ನಮ್ಮ ಬೀದಿಯ ಯಾವ ಹುಡುಗಿಗೆ ಮದುವೆಯಾದರೂ ಅಜ್ಜಿ ಒಂದು ಬುಟ್ಟಿ ಕೊಡುತ್ತಿದ್ದರು. ಎರಡು ಬಣ್ಣ, ನಡುವೆ ಆ ಹುಡುಗಿಯ ಹೆಸರಿನ ಮೊದಲ ಅಕ್ಷರ. ಅವರು ಹೋಗಿ ಹನ್ನೆರಡು ವರ್ಷವಾದ ಮೇಲೆ, ಒಂದು ದಿನ ದೇವರಾಜ ಮಾರ್ಕೆಟ್ಟಿನಲ್ಲಿ ಗುರುತಿಲ್ಲದ ಒಬ್ಬ ಹೆಂಗಸಿನ ಕೈಯಲ್ಲಿ ಅಜ್ಜಿಯ ಹೆಣಿಗೆ ಕಂಡೆ. ಹಿಡಿಯ ಹತ್ತಿರ ಅವರು ಹಾಕುತ್ತಿದ್ದ ತಿರುವು ಬೇರೆ ಯಾರೂ ಹಾಕುತ್ತಿರಲಿಲ್ಲ. ಓಡಿ ಹೋಗಿ ಮಾತಾಡಿಸಿದೆ. ಅವರ ತಾಯಿಯ ಮದುವೆಗೆ ಕೊಟ್ಟಿದ್ದಂತೆ. ಇಬ್ಬರೂ ತರಕಾರಿ ಅಂಗಡಿ ಮುಂದೆ ನಿಂತು ಅತ್ತೆವು.

ಬಟ್ಟೆ ವಿಷಯ ಓದಿದವಳು

ನಾನು ಓದಿದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ, ಬಟ್ಟೆಯ ವಿಭಾಗದಲ್ಲಿ. ಸೀರೆ ಉಳಿಸುವ ಬಗ್ಗೆ ಹೇಳುತ್ತೇನೆ. ಸ್ವಲ್ಪ ಉದ್ದವಾಗಬಹುದು.

ಮೊದಲು, ಒಗೆಯಬೇಡಿ. ಡ್ರೈಕ್ಲೀನಿಗೂ ಕೊಡಬೇಡಿ. ನಮ್ಮ ಅಮ್ಮನ ಒಂದು ಹಳೇ ಸೀರೆಯನ್ನು ಹೀಗೇ ಅಂಗಡಿಗೆ ಕೊಟ್ಟು ಹರಿದ ಮುದ್ದೆಯಾಗಿ ವಾಪಸ್ ತಂದಿದ್ದೇವೆ. ಹಳೆಯ ಕಪ್ಪು ಬಣ್ಣಗಳಲ್ಲಿ ಕೆಲವಕ್ಕೆ ಕಬ್ಬಿಣ ಸೇರಿರುತ್ತದೆ. ಅದು ವರ್ಷ ಕಳೆದ ಹಾಗೆ ನೂಲನ್ನೇ ತಿನ್ನುತ್ತದೆ. ಕೆಂಪು ಸೆರಗು ಚೆನ್ನಾಗಿದ್ದು ಕಪ್ಪು ಮೈ ಮಾತ್ರ ಬಿರಿಯುತ್ತಿದ್ದರೆ ಕಾರಣ ಇದೇ ಇರಬಹುದು.

ಮಡಚಿ ಇಡಬೇಡಿ, ಸುತ್ತಿ ಇಡಿ. ದಪ್ಪನೆಯ ಒಂದು ಕೊಳವೆ ತಗೊಳ್ಳಿ. ಗಂಜಿ ಹಾಕದ, ಚೆನ್ನಾಗಿ ಒಗೆದ ಹಳೇ ಪಂಚೆಯನ್ನು ಅದಕ್ಕೆ ಸುತ್ತಿ. ಆಮೇಲೆ ಕಸೂತಿ ಹೊರಗೆ ಬರುವ ಹಾಗೆ ಸೀರೆಯನ್ನು ನಿಧಾನವಾಗಿ ಸುತ್ತಿ. ಮೇಲೆ ಇನ್ನೊಂದು ಪಂಚೆ. ಹತ್ತಿಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ, ಒಳಗೆ ತೇವ ನಿಲ್ಲುತ್ತದೆ. ನುಸಿಗುಳಿಗೆಯೂ ಬಟ್ಟೆಗೆ ತಾಗಬಾರದು. ಒಣಗಿದ ಬೇವಿನ ಎಲೆ, ಲವಂಗ ಚಿಕ್ಕ ಗಂಟಿನಲ್ಲಿ ಕಟ್ಟಿ ಪಕ್ಕಕ್ಕೆ ಇಟ್ಟರೆ ಸಾಕು. ಆರು ತಿಂಗಳಿಗೊಮ್ಮೆ ಬಿಚ್ಚಿ ನೆರಳಲ್ಲಿ ಗಾಳಿಗೆ ಹರಡಿ. ಬಿಸಿಲಿಗೆ ಬೇಡ.

ಬಿರಿದ ಜಾಗಕ್ಕೆ ಹಿಂದೆ ಆಸರೆ ಕೊಡಬೇಕು. ಸಾಮಾನ್ಯವಾಗಿ ಹಿಂದೆ ಮಲ್ ಬಟ್ಟೆ ಕೊಟ್ಟು ಹೊಲಿಯುತ್ತಾರೆ. ಆದರೆ ನಿಮ್ಮ ಆಯಿ ನೋಡುತ್ತಿದ್ದದ್ದೇ ಹಿಂಭಾಗ. ಅದನ್ನು ಮುಚ್ಚಿದರೆ ಹೇಗೆ? ಅದಕ್ಕೆ ತೆಳು ರೇಷ್ಮೆ ಬಲೆ ಬಟ್ಟೆ ತಗೊಳ್ಳಿ, ಕಪ್ಪು ಬಣ್ಣದ್ದು. ಬಿರಿದಷ್ಟೇ ಜಾಗಕ್ಕೆ ಕೊಡಿ. ಗಟ್ಟಿ ಇರುವ ಬಟ್ಟೆಗೆ ಸಣ್ಣ ಹೊಲಿಗೆ ಹಾಕಿ. ಬುಟ್ಟಾ ಅಡ್ಡ ಬಂದರೂ ಬಲೆಯ ಮೂಲಕ ಕಾಣುತ್ತದೆ. ಇಸ್ತ್ರಿ ಮಾಡಿ ಅಂಟಿಸುವ ಬಟ್ಟೆ ಮಾತ್ರ ಹಾಕಲೇಬೇಡಿ, ಒಮ್ಮೆ ಅಂಟಿದರೆ ಬಿಡಿಸಲು ಆಗಲ್ಲ.

ಆಮೇಲೆ, ಆ 11 ಬುಟ್ಟಾಗಳನ್ನು ಚೌಕದ ಕಾಗದದ ಮೇಲೆ ಇಳಿಸಿಕೊಳ್ಳಿ. ಪಟ್ಟಿ ವಾಲಿದ್ದನ್ನು ಬೇರೆ, ಅಡ್ಡ ಇದ್ದದ್ದನ್ನು ಬೇರೆ. ಕಸೂತಿಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ, ಹಳೇ ಬುಟ್ಟಾಗಳನ್ನು ಎಷ್ಟೋ ಜನ ಕೂಡಿಸಿದ್ದಾರೆ. ನನಗೂ ಸಾಕಷ್ಟು ಬುಟ್ಟಾ ಗೊತ್ತು. ಇದನ್ನು ಮಾತ್ರ ನೋಡಿಲ್ಲ. ನಿಮ್ಮ ಆಯಿ ತಾವೇ ಕಟ್ಟಿದ್ದು ಇರಬೇಕು.

ಗದಗಿನವಳು, ಈಗ ಮ್ಯಾಂಚೆಸ್ಟರ್

ಎಲ್ಲರೂ ಕತ್ತರಿಸಬೇಡಿ ಅಂತಿದ್ದೀರಿ. ನಾನು ಬೇರೆ ಮಾತು ಹೇಳುತ್ತೇನೆ, ಸಿಟ್ಟಾಗಬೇಡಿ.

ನಾನು ಇಲ್ಲಿಗೆ ಬರುವಾಗ 23 ಕೇಜಿ ಸಾಮಾನಿನಲ್ಲಿ 4 ಕೇಜಿ ನಮ್ಮಮ್ಮನ ಕೌದಿ. ಅಮ್ಮ ಅಂದರೆ ನನ್ನ ಅಜ್ಜಿ. ಅವ್ವ ಬೇಡ ಅಂದಳು, ನಾನು ಬಿಡಲಿಲ್ಲ. ಆ ಕೌದಿಯಲ್ಲಿ ಅಜ್ಜನ ಧೋತರ ಇದೆ. ಅವ್ವನ ಸೀಮಂತದ ಹಸಿರು ಸೀರೆ ಇದೆ. ನನ್ನ ಸಾಲಿಯ ನೀಲಿ ಯೂನಿಫಾರ್ಮ್ ಇದೆ. ಒಳಗಿನ ಪದರದಲ್ಲಿ ಅಮ್ಮನ ಸ್ವಂತ ಮದುವೆ ಸೀರೆ ಇದೆ ಅಂತ ಅವಳೇ ಹೇಳಿದ್ದಳು. ಅದು ಕಾಣಲ್ಲ, ಆದರೆ ದಿನಾ ನನ್ನ ಮೈ ಮೇಲಿರುತ್ತದೆ. ಇಲ್ಲಿ ನವೆಂಬರಿನಲ್ಲಿ ನಾಲ್ಕಕ್ಕೆಲ್ಲ ಕತ್ತಲಾಗುತ್ತದೆ. ಆ ಹೊತ್ತಿಗೆ ಕೌದಿ ಹೊದ್ದು ಕೂತರೆ ಅಂಗಳದಲ್ಲಿ ಕಾಲು ಚಾಚಿ ಕೂತು ಹೊಲಿಯುತ್ತಿದ್ದ ಅಮ್ಮ ಕಣ್ಣಿಗೆ ಬರುತ್ತಾಳೆ.

ನಮ್ಮ ಹಿರಿಯರು ಹರಿದದ್ದನ್ನು ಟ್ರಂಕಿನಲ್ಲಿ ಇಡುತ್ತಿರಲಿಲ್ಲ. ಕತ್ತರಿಸಿ ಮತ್ತೆ ಮೈಗೆ ತರುತ್ತಿದ್ದರು. ಕಸೂತಿ ಇರುವ ಭಾಗವನ್ನು ಖಂಡಿತ ಉಳಿಸಿ. ಆದರೆ ಕಸೂತಿ ಇಲ್ಲದ ಕಪ್ಪು ಮೈ ಪೂರ್ತಿ ಬಿರಿದಿದ್ದರೆ, ಅದನ್ನು ಕೌದಿಯ ಒಳಪದರಕ್ಕೆ ಹಾಕಬಹುದಲ್ವಾ?

ನವಲಗುಂದ ಟೀಚರ್

ಗದಗಿನ ತಂಗಿಯ ಪ್ರೀತಿ ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಕೌದಿಗೆ ಹಳೇ ಸೀರೆ ನೂರು ಸಿಗುತ್ತವೆ. ಚಂದ್ರಕಾಳಿ ಇಡಿಯಾಗಿ ಉಳಿದಿರುವುದು ಎಷ್ಟು ಮನೆಯಲ್ಲಿ? ಕಸೂತಿ ಎಲ್ಲಿ ನಿಲ್ಲುತ್ತದೆ, ಖಾಲಿ ಮೈ ಎಲ್ಲಿ ಶುರುವಾಗುತ್ತದೆ ಅನ್ನೋದು ಕೂಡ ಆ ಸೀರೆಯ ಭಾಗವೇ. ನಮ್ಮೂರಿನಲ್ಲಿ ಹೆಣ್ಣುಮಕ್ಕಳು ಮನೆಯಲ್ಲೇ ಕೂತು ಜಮಖಾನ ನೇಯುತ್ತಾರೆ, ಊರು ಹೆಸರಾಗಿರುವುದೇ ಅದರಿಂದ. ಎಷ್ಟೋ ಹಳೇ ಜಮಖಾನಗಳನ್ನು ಜನ ಕತ್ತರಿಸಿ ಬಾಗಿಲಿಗೆ ಕಾಲೊರಸು ಮಾಡಿಕೊಂಡರು. ನೋಡಿದ್ದೇನೆ, ಅದಕ್ಕೆ ಹೇಳುತ್ತಿದ್ದೇನೆ.

ಅರಸೀಕೆರೆ ರೈಲ್ವೆ ಮನೆ

ಸೀರೆ ವಿಷಯ ನನಗೆ ತಿಳಿಯದು. ಆದರೆ ಬುಟ್ಟಾ ವಿವರ ಓದುತ್ತಾ ಓದುತ್ತಾ ಮೈ ಜುಂ ಅಂದಿತು.

ಅದು ಕೈಮರ ಅಲ್ವಾ?

ರೈಲ್ವೆಯ ಹಳೇ ಸಿಗ್ನಲ್ ಕಂಬ. ನಮ್ಮ ಕಡೆ ಕೈಮರ ಅಂತೀವಿ. ನಮ್ಮ ತಂದೆ ರೈಲ್ವೆಯಲ್ಲಿದ್ದರು, ನಾನು ಬೆಳೆದದ್ದೇ ಕ್ವಾರ್ಟರ್ಸಿನಲ್ಲಿ. ನೆಟ್ಟಗಿನ ಕಂಬ. ಪಕ್ಕಕ್ಕೆ ಕಬ್ಬಿಣದ ಏಣಿ, ಮೇಲೆ ಹತ್ತಿ ದೀಪ ಇಡಲು. ತುದಿಯಲ್ಲಿ ಕಳಸದ ಹಾಗೆ ಮೊನೆ. ಅದರ ಕೆಳಗೆ ಕೆಂಪು ಬಣ್ಣದ ಕೈ. ಆ ಕೈ ಅಡ್ಡ ಇದ್ದರೆ ಗಾಡಿ ನಿಲ್ಲಬೇಕು. ಕ್ಯಾಬಿನ್ನಿನಲ್ಲಿ ಹಿಡಿ ಎಳೆದರೆ ತಂತಿ ಜಗ್ಗಿ ಕೈ ಕೆಳಗೆ ವಾಲುತ್ತದೆ. ಆಗ ಗಾಡಿ ಬರಬಹುದು. ಕೈ ಬಿತ್ತು ಅಂದರೆ ಪ್ಲಾಟ್‌ಫಾರಂ ಮೇಲಿನವರೆಲ್ಲ ಗಂಟುಮೂಟೆ ಎತ್ತಿಕೊಳ್ಳುತ್ತಿದ್ದರು.

ನಿಮ್ಮ ಆಯಿ ಏಣಿಯನ್ನೂ ಬಿಟ್ಟಿಲ್ಲ. ಅವರಿಗೆ ರೈಲಿನ ನಂಟು ಏನಾದರೂ ಇತ್ತಾ?

ಸೋಲಾಪುರದ ಕನ್ನಡಿಗ

ಗುಳೇದಗುಡ್ಡ ಅಂದಿರಲ್ಲ, ನಂಟು ಇದ್ದೇ ಇರಬೇಕು. ಗದಗದಿಂದ ಹೊಟಗಿಗೆ ಬರುವ ಸಾಲಿನಲ್ಲಿ ಗುಳೇದಗುಡ್ಡ ರೋಡ್ ಅಂತ ಸ್ಟೇಷನ್ನೇ ಇದೆ. ಬಾದಾಮಿ ದಾಟಿದ ಮೇಲೆ, ಬಾಗಲಕೋಟೆಗಿಂತ ಮೊದಲು. ಆಗ ಅದು ಮೀಟರ್ ಗೇಜ್. ನಮ್ಮ ಅಜ್ಜಿಯ ತವರು ಬಾದಾಮಿ ಕಡೆ. ಸಣ್ಣವನಿದ್ದಾಗ ಅಜ್ಜಿ ಜೊತೆ ಅದೇ ಗಾಡಿಯಲ್ಲಿ ಹೋಗುತ್ತಿದ್ದೆ. ಅಜ್ಜಿ ಗಾಡಿಯಲ್ಲೂ ಕ್ರೋಶಾ ಹೆಣೆಯುತ್ತಿದ್ದಳು. ಹೊಟಗಿಯಲ್ಲಿ ಶುರು ಮಾಡಿದರೆ ಬಾದಾಮಿ ಬರುವ ಹೊತ್ತಿಗೆ ಟೇಬಲ್ ಮೇಲೆ ಹಾಸುವ ಒಂದು ಹೂವಿನ ಹೆಣಿಗೆ ಮುಗಿದಿರುತ್ತಿತ್ತು.

ಧಾರವಾಡದಿಂದ ಆದರೆ ಹುಬ್ಬಳ್ಳಿ, ಗದಗ, ಹೊಳೆಆಲೂರಿನಲ್ಲಿ ಮಲಪ್ರಭಾ, ಬಾದಾಮಿ, ಆಮೇಲೆ ಗುಳೇದಗುಡ್ಡ ರೋಡ್. ತವರಿಗೆ ಹೋಗುವ ದಾರಿ ಅದೇ.

ಧಾರವಾಡದ ಮೊಮ್ಮಗಳು

ಎರಡು ದಿನ ಬರೆಯಲು ಆಗಲಿಲ್ಲ. ಹೇಗೆ ಹೇಳಲಿ ಅಂತ ತಿಳಿಯುತ್ತಿಲ್ಲ.

ಆಯಿಗೆ ಒಬ್ಬಳು ತಂಗಿ ಇದ್ದಾಳೆ. ಆಯಿಗಿಂತ ಎಂಟು ವರ್ಷ ಚಿಕ್ಕವಳು. ನಾವು ಸಣ್ಣಾಯಿ ಅಂತೀವಿ. ಬಾಗಲಕೋಟೆಯ ನವನಗರದಲ್ಲಿ ಮಗನ ಮನೆಯಲ್ಲಿದ್ದಾಳೆ. ಕಿವಿ ಸ್ವಲ್ಪ ಮಂದ. ಮೊಮ್ಮಗನ ಕೈಯಲ್ಲಿ ವಿಡಿಯೋ ಕರೆ ಮಾಡಿಸಿ ಬುಟ್ಟಾ ತೋರಿಸಿದೆ. ಒಂದೇ ಸಲಕ್ಕೆ ಗುರುತು ಹಿಡಿದಳು.

"ಅಯ್ಯ, ಅದು ನಮ್ಮ ಟೇಶನ್ನಿನ ಸಿಗ್ನಲ್ಲವಾ!"

ಅವರ ಅಪ್ಪ ಖಣದ ಗಂಟುಗಳನ್ನು ರೈಲಿಗೆ ಹಾಕಲು ಚಕ್ಕಡಿಯಲ್ಲಿ ಸ್ಟೇಷನ್ನಿಗೆ ಹೋಗುತ್ತಿದ್ದರಂತೆ. ಅಕ್ಕ ತಂಗಿ ಇಬ್ಬರೂ ಗಂಟಿನ ಮೇಲೆ ಕೂತು ಜೊತೆಗೆ ಹೋಗುವುದು. ಯಾರು ಮೊದಲು ಕೈ ಬಿದ್ದದ್ದು ನೋಡುತ್ತಾರೋ ಅವರಿಗೆ ಅಪ್ಪ ಪುಠಾಣಿ ಕೊಡಿಸುತ್ತಿದ್ದರಂತೆ. ಅಕ್ಕನ ಮದುವೆಯಾದ ಮೇಲೆ ಸಣ್ಣಾಯಿ ಒಬ್ಬಳೇ ಅಪ್ಪನ ಜೊತೆ ಹೋಗುತ್ತಿದ್ದಳು. "ಕೈ ಬಿತ್ತಂದ್ರ ಅಕ್ಕ ಬಂದ್ಲು ಅಂತಿದ್ದೆ. ಎಷ್ಟ ಸಲ ಗಾಡಿ ಬರತಿತ್ತು, ಅಕ್ಕ ಇರತಿದ್ದಿಲ್ಲ" ಅಂದಳು.

ಎಂಟು ಕೈ ಅಡ್ಡ ಯಾಕೆ, ಮೂರು ವಾಲಿದ್ದು ಯಾಕೆ ಅಂತ ಕೇಳಿದೆ. ಸಣ್ಣಾಯಿ ಪರದೆಯನ್ನೇ ನೋಡುತ್ತಾ ಸುಮ್ನೆ ಕೂತಳು. "ಅಕ್ಕ ಎಣಿಕಿ ತಪ್ಪವಾಕಿ ಅಲ್ಲ" ಅಂತಷ್ಟೇ ಅಂದಳು. ಆಮೇಲೆ ಕಣ್ಣು ಒರೆಸಿಕೊಂಡು ಫೋನು ಮೊಮ್ಮಗನ ಕೈಗೆ ಕೊಟ್ಟಳು.

ಅರಸೀಕೆರೆ ಅಣ್ಣ, ನಿಮಗೆ ಹೇಗೆ ಋಣ ತೀರಿಸಲಿ. ಇಷ್ಟು ವರ್ಷ ಅದೇ ಮನೆಯಲ್ಲಿದ್ದೂ ನಮಗೆ ಗೊತ್ತಾಗದ್ದು ನೀವು ಓದಿಯೇ ಹೇಳಿದಿರಿ.

ಇಳಕಲ್ ಸೊಸೆ

ನಂದಿಕೋಲು ಅಂತ ನಾನು ಹೇಳಿದ್ದು ತಪ್ಪಾಯಿತು. ತಪ್ಪಾದದ್ದೇ ಒಳ್ಳೇದಾಯಿತು.

ಒಂದು ಮಾತು ಮನಸ್ಸಿಗೆ ಬಂದಿದೆ. ಸರಿಯೋ ತಪ್ಪೋ ನೀವೇ ಹೇಳಿ. ಪಂಚಮಿ ಹಬ್ಬಕ್ಕೆ ನಮ್ಮ ಕಡೆ ಹೆಣ್ಣುಮಕ್ಕಳು ತವರಿಗೆ ಹೋಗಲೇಬೇಕು. ಜೋಕಾಲಿ, ಅಳ್ಳು, ತಂಬಿಟ್ಟು, ಶೇಂಗಾ ಉಂಡಿ. ಅಣ್ಣನೋ ಅಪ್ಪನೋ ಕರೆಯಲು ಬರುತ್ತಾರೆ. ಅದರಲ್ಲೂ ಮದುವೆಯಾದ ಮೊದಲ ಪಂಚಮಿಗೆ ಎಷ್ಟೇ ಬಿಗಿ ಅತ್ತೆಯಾದರೂ ಸೊಸೆಯನ್ನು ಕಳಿಸದೆ ಇರಲ್ಲ.

ಮೊದಲನೇ ಬುಟ್ಟಾದಲ್ಲಿ ಕೈ ವಾಲಿದೆ ಅಂದಿರಲ್ಲ. ಒಂದೊಂದು ಬುಟ್ಟಾ ಒಂದೊಂದು ವರ್ಷದ್ದು ಇರಬಹುದಾ? ಹೋದ ವರ್ಷ ಕೈ ಇಳಿದಿದೆ. ಹೋಗದ ವರ್ಷ ಕೈ ಅಡ್ಡ.

ಸಾಗರದ ಕಡೆಯವಳು

ಅಯ್ಯೋ ದೇವರೇ.

ಧಾರವಾಡದ ಮೊಮ್ಮಗಳು

ಇಳಕಲ್ ಅಕ್ಕ, ನಿಮ್ಮ ಮಾತು ಓದಿ ಅಪ್ಪನ ಹತ್ತಿರ ಹೋಗಿ ಕೂತೆ. ಇಬ್ಬರೂ ಕಾಗದದ ಮೇಲೆ ಲೆಕ್ಕ ಹಾಕಿದೆವು.

ಮದುವೆ 1956. ಮೊದಲ ಪಂಚಮಿ ಅದೇ ವರ್ಷ ಶ್ರಾವಣದಲ್ಲಿ. ಅದು ಮೊದಲನೇ ಬುಟ್ಟಾ. ನಾಲ್ಕನೇದು ಅಂದರೆ 1959. ದೊಡ್ಡ ಅತ್ತೆ ಹುಟ್ಟಿದ್ದು 1959ರಲ್ಲಿ. ಹುಟ್ಟಿದ್ದು ಗುಳೇದಗುಡ್ಡದಲ್ಲಿ, ಮೊದಲ ಹೆರಿಗೆ ತವರಿನಲ್ಲೇ ಆಗಿತ್ತು. ಹನ್ನೊಂದನೇದು 1966ಕ್ಕೆ ಬರುತ್ತದೆ. ಸಾಲಿನಲ್ಲಿ ಇನ್ನೂ ಜಾಗ ಇತ್ತು, ನಾಲ್ಕೈದು ಬುಟ್ಟಾ ಹಿಡಿಯುತ್ತಿತ್ತು. ಯಾಕೆ ಅಲ್ಲಿಗೇ ನಿಲ್ಲಿಸಿದಳು ಅಂತ ಅಪ್ಪನನ್ನು ಕೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಯಿಯ ಅವ್ವ ತೀರಿಕೊಂಡದ್ದು 1967ರಲ್ಲಿ ಅಂತ ಆಮೇಲೆ ಹೇಳಿದರು.

ಆಯಿ ಯಾವತ್ತೂ ಒಂದು ಮಾತೂ ಆಡಿದವಳಲ್ಲ. ಅತ್ತೆಮನೆಯ ಬಗ್ಗೆ ಒಂದು ದೂರು ನಾವು ಕೇಳಿಲ್ಲ. ಪಂಚಮಿಗೆ ನಮ್ಮ ಅತ್ತೆಯರು ಬರುವುದು ಒಂದು ದಿನ ತಡವಾದರೂ ಬಾಗಿಲಿಗೂ ಒಳಗೂ ತಿರುಗಾಡುತ್ತಿದ್ದಳು. ಬಂದ ಮೇಲೆ ವಾರ ಕಳೆಯದೆ ಕಳಿಸುತ್ತಿರಲಿಲ್ಲ. ನಮ್ಮ ಅವ್ವನನ್ನು ಮಾತ್ರ ಹಬ್ಬಕ್ಕೆ ನಾಲ್ಕು ದಿನ ಮುಂಚೆಯೇ ತವರಿಗೆ ಕಳಿಸುತ್ತಿದ್ದಳು. ಬುತ್ತಿ ಕಟ್ಟಿ, ತಾನೇ ಸ್ಟೇಷನ್ನಿಗೆ ಬಂದು ಗಾಡಿ ಹತ್ತಿಸುತ್ತಿದ್ದಳು. ಅದು ಯಾಕೆ ಅಂತ ಅವ್ವ ಈಗ ತಿಳಿದುಕೊಂಡಳು. ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಸೀರೆ ಕತ್ತರಿಸುವ ಮಾತು ಮುಗಿಯಿತು. ದೊಡ್ಡ ಅತ್ತೆಯೇ ಬೇಡ ಅಂದರು. ನಾಲ್ಕನೇ ಬುಟ್ಟಾದ ಮೇಲೆ ಬೆರಳಿಟ್ಟು "ಇದು ನಂದು" ಅಂದರು. ಗದಗಿನ ಅಕ್ಕ, ನಿಮ್ಮ ಮಾತೂ ಮನಸ್ಸಿನಲ್ಲಿದೆ. ಆಯಿಯ ದಿನ ಉಡುವ ಸೀರೆಗಳು ಒಂಬತ್ತು ಇವೆ. ಅವನ್ನು ಕೌದಿಗೆ ತೆಗೆದಿಟ್ಟಿದ್ದೇವೆ. ಮಳೆಗಾಲ ಮುಗಿದ ಮೇಲೆ ಎಲ್ಲರೂ ಕೂತು ಹೊಲಿಯುವುದು ಅಂತ ಮಾತಾಗಿದೆ.

ಬಟ್ಟೆ ವಿಷಯ ಓದಿದವಳು

ರೇಷ್ಮೆ ಬಲೆ ಬಟ್ಟೆ ನಾನೇ ಕಳಿಸುತ್ತೇನೆ. ನನ್ನ ಹತ್ತಿರ ಒಂದು ಮೀಟರ್ ಇದೆ, ಕಪ್ಪು ಬಣ್ಣ ನಾನೇ ಹಾಕಿಸಿ ಕೊಡುತ್ತೇನೆ. ಹೊಲಿಯುವಾಗ ಬೇಕಾದರೆ ಮನೆಗೇ ಬರುತ್ತೇನೆ, ಧಾರವಾಡದಲ್ಲೇ ಇದ್ದೇನೆ. ಬುಟ್ಟಾವನ್ನು ಕಾಗದಕ್ಕೆ ಇಳಿಸಿದಿರಾ?

ಧಾರವಾಡದ ಮೊಮ್ಮಗಳು

ಇಳಿಸಿದೆ ಅಕ್ಕ. ಬರೀ ಇಳಿಸಿದ್ದಲ್ಲ, ಹಾಕಿಯೂ ನೋಡಿದೆ. ಹತ್ತಿಯ ತುಂಡಿನ ಮೇಲೆ ಒಂದು ಸಿಗ್ನಲ್. ಮೂರು ಸಂಜೆ ಹಿಡಿಯಿತು. ಕಂಬ ಸುಲಭ, ಗವಂತಿಯಲ್ಲಿ ಹೋಗಿ ಬಂದರೆ ಆಯಿತು. ಏಣಿಯ ಹತ್ತಿರ ಎರಡು ಸಲ ಬಿಚ್ಚಿದೆ. ಏಣಿಯಿಂದ ಕಂಬಕ್ಕೆ ವಾಪಸ್ ಬರುವ ದಾರಿ ಆಯಿ ಎಲ್ಲಿ ಇಟ್ಟಿದ್ದಾಳೆ ಅಂತ ಸೀರೆ ತಿರುವಿ ತಿರುವಿ ನೋಡಿ ಕಲಿತೆ. ಕಳಸದ ಕೆಳಗೆ ಒಂದೇ ಒಂದು ಎಳೆ ದಾಟಿ ಬರುತ್ತದೆ. ಗೊತ್ತಾದಾಗ ಜೋರಾಗಿ ಆಯಿ ಅಂತ ಕೂಗಿಬಿಟ್ಟೆ. ಹಿಂದೆ ಗಂಟಿಲ್ಲ.

ಒಂಬತ್ತನೇ ಬುಟ್ಟಾ, 1964, ಯಾಕೆ ಹೋಗಿದ್ದಳು ಅಂತ ಅಪ್ಪನಿಗೂ ಗೊತ್ತಿಲ್ಲ. ಸಣ್ಣಾಯಿಗೆ ಗೊತ್ತಿರಬಹುದು. ಅದು ಫೋನಿನಲ್ಲಿ ಕೇಳುವ ಮಾತಲ್ಲ. ಅಪ್ಪ, ದೊಡ್ಡ ಅತ್ತೆ, ನಾನು ಮೂವರೂ ಈ ಪಂಚಮಿಗೆ ಬಾಗಲಕೋಟೆಗೆ ಹೊರಟಿದ್ದೇವೆ. ಬಸ್ಸು ಬೇಡ, ರೈಲೇ ಆಗಲಿ ಅಂತ ಅತ್ತೆ ಹಟ ಹಿಡಿದರು. ಟಿಕೆಟ್ ಆಗಿದೆ. ಹೊಳೆಆಲೂರ ದಾಟಿದ ಮೇಲೆ ಕಿಟಕಿ ಹತ್ತಿರ ಅತ್ತೆಯನ್ನು ಕೂರಿಸುತ್ತೇನೆ. ಸಣ್ಣಾಯಿಗೆ ಕೊಡಲು ನಾನು ಹಾಕಿದ ತುಂಡನ್ನು ಇಸ್ತ್ರಿ ಮಾಡಿ ಇಟ್ಟಿದ್ದೇನೆ. ಕೈ ಇಳಿಸಿಯೇ ಹಾಕಿದ್ದೇನೆ.